ಮಕ್ಕಳ ಜಗಳಕ್ಕೆ ದೊಡ್ಡವರ ಪಂಚಾಯಿತಿ

ಕೇಂದ್ರ ಸರಕಾರದ ನೌಕರರಾದ ನಮಗೆ ಬೇರೆ ಊರಿಗೆ ವರ್ಗವಾದರೆ, ಹೊಸ ಕಛೇರಿಗೆ ಹಾಜರಾಗಲು 1979ರ ನಿಯಮಗಳ ಪ್ರಕಾರ ಸಾವಿರ ಕಿಲೋಮೀಟರಿನೊಳಗೆ ಸಾಮಾನ್ಯವಾಗಿ 10 ದಿನ, ಅದನ್ನು ಮೀರಿದರೆ ಕನಿಷ್ಠ 12 ದಿನ ಅವಕಾಶವುಂಟು. ಹೀಗೆ ಊರೂರು ತಿರುಗುವವರ ಮಕ್ಕಳ ಓದು ಕೆಡಬಾರದೆಂದೇ 1963ರಲ್ಲಿ ಸೆಂಟ್ರಲ್ ಸ್ಕೂಲುಗಳು, ಅಂದರೆ ಈಗಿನ ಕೇಂದ್ರೀಯ ವಿದ್ಯಾಲಯಗಳು, ಆರಂಭವಾದವು. ಬೆಂಗಳೂರಿನಲ್ಲಿ ನಿಲ್ಲಿಸಿದ ಪಾಠವನ್ನು ಮುಂಬಯಿಯಲ್ಲಿ ಮುಂದುವರಿಸಬಹುದು. ಆದರೆ ನಾಲ್ಕನೆಯ, ಐದನೆಯ ತರಗತಿಯ ಹುಡುಗ ಅಲ್ಲಿ ಬಿಟ್ಟುಬಂದ ಗೆಳೆಯನನ್ನು ಯಾವ ಟಿ.ಸಿ.ಯೂ ಇಲ್ಲಿಗೆ ತಂದುಕೊಡದು. ಹೊಸಬನನ್ನು ಅವನೇ ಹುಡುಕಿಕೊಳ್ಳಬೇಕು. ಅದೂ ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ.

ಈ ಕಷ್ಟದ ಕೆಲಸದಲ್ಲಿ ನಮ್ಮವರು ನೀಡುವ ನೆರವೇನು? “ಅವರಪ್ಪ ಯಾವ ಟೈಪಿನ ಕ್ವಾರ್ಟರ್ಸಿನಲ್ಲಿದ್ದಾರೆ? ಪರೀಕ್ಷೆಯಲ್ಲಿ ಎಷ್ಟು ಮಾರ್ಕು?” ಎಂಬ ವಿಚಾರಣೆ! ಟೈಪ್ ಎರಡರ ಹುಡುಗ ಟೈಪ್ ನಾಲ್ಕರ ಮನೆಗೆ ಆಡಲು ಹೋದರೆ ಅಲ್ಲಿಯವರಿಗೆ ಮುಜುಗರ, ಇಲ್ಲಿಯವರಿಗೆ ಹೆಮ್ಮೆ. ಸಂಬಳದ ಶ್ರೇಣಿ ನೋಡಿ ಮನೆ ಹಂಚುವುದು ಸರಕಾರದ ಲೆಕ್ಕಾಚಾರ. ಗೆಳೆತನವನ್ನೂ ಹಾಗೆಯೇ ಹಂಚಬೇಕೆಂದು ಯಾವ ಸುತ್ತೋಲೆಯೂ ಬಂದಂತಿಲ್ಲ.

ಇನ್ನು ಜಗಳದ ಮಾತು. ನಮ್ಮ ಕಡೆ ‘ಟೂ’ ಬಿಡುವುದೆಂದರೆ ಇಲ್ಲಿ ‘ಕಟ್ಟಿ’. ಬೆಳಿಗ್ಗೆ ಟೂ ಬಿಟ್ಟವರು ಸಂಜೆಗೆ ಒಟ್ಟಿಗೆ ಲಗೋರಿಯ ಕಲ್ಲು ಜೋಡಿಸುತ್ತಿರುತ್ತಾರೆ. ಅಷ್ಟರಲ್ಲಿ ತಾಯಂದಿರು ಮಾತು ಬಿಟ್ಟಾಗಿರುತ್ತದೆ, ತಂದೆಯರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕತ್ತಿ ಹಿರಿದಾಗಿರುತ್ತದೆ. ಆ ಜಗಳ ಮಾತ್ರ ವರ್ಷಗಟ್ಟಲೆ ಮುಗಿಯುವುದಿಲ್ಲ.

ಸ್ವಿಟ್ಜರ್ಲೆಂಡಿನ ಪಿಯಾಜೆ, ಗೋಲಿಯಾಡುವ ಮಕ್ಕಳನ್ನು ಕೂತು ನೋಡಿ, ಅವರನ್ನೇ ಪ್ರಶ್ನಿಸಿ, 1932ರಲ್ಲಿ ಒಂದು ಪುಸ್ತಕ ಬರೆದರು. ಚಿಕ್ಕವರಿಗೆ ಆಟದ ನಿಯಮ ದೊಡ್ಡವರು ಕೊಟ್ಟ ಅಪ್ಪಣೆ. ಹತ್ತು ಹನ್ನೊಂದರ ಹೊತ್ತಿಗೆ ಅದು ಆಡುವವರೆಲ್ಲ ಒಪ್ಪಿದರೆ ಬದಲಿಸಬಹುದಾದ ಕರಾರು ಎಂದು ಅವರು ಕಂಡುಕೊಂಡರು. ಈ ತಿಳಿವಳಿಕೆ ಬೆಳೆಯುವುದು ಸಮಾನರೊಡನೆ ವಾದಿಸಿ, ಸೋತು, ರಾಜಿಯಾಗಿ. ಪ್ರತಿ ಬಾರಿಯೂ ಅಪ್ಪ ಬಂದು ಔಟೋ ಅಲ್ಲವೋ ಎಂದು ಹೇಳಿಬಿಟ್ಟರೆ ಹುಡುಗ ಏನನ್ನು ಕಲಿತಾನು?

ಒಂದು ಮಗುವನ್ನು ದಿನವೂ ಹೊಡೆಯುವುದು, ಎಲ್ಲರೂ ಸೇರಿ ದೂರವಿಡುವುದು ನಡೆದರೆ ಅದು ಬೇರೆ ಮಾತು. ಅಲ್ಲಿ ದೊಡ್ಡವರು ನಡುವೆ ಹೋಗಲೇಬೇಕು, ಶಾಲೆಯ ಬಾಗಿಲನ್ನೂ ತಟ್ಟಬೇಕು. ವಿಚಿತ್ರವೆಂದರೆ, ಚೆಂಡಿಗಾಗಿ ಯುದ್ಧ ಸಾರುವ ಮಹನೀಯರೇ ಇಂಥ ಕಡೆ “ಮಕ್ಕಳಾಟ ಬಿಡಿ” ಎನ್ನುತ್ತಾರೆ.

ಸಂಘದ ಕಾರ್ಯಕಾರಿ ಸಮಿತಿಯವರನ್ನೂ ಒಂದು ಮಾತು ಕೇಳುತ್ತೇವೆ. ಮಕ್ಕಳ ಕಾರ್ಯಕ್ರಮವೆಂದರೆ ಛದ್ಮವೇಷ, ಭಾವಗೀತೆ ಸ್ಪರ್ಧೆ, ರಾಜ್ಯೋತ್ಸವದ ನೃತ್ಯ, ಇಷ್ಟೇ ಏಕೆ? ಬಹುಮಾನಕ್ಕಾಗಿ ಎದುರುಬದುರು ನಿಲ್ಲಿಸಿದ ಮಕ್ಕಳು ಸ್ನೇಹಿತರಾಗಲಿಲ್ಲವೆಂದು ಕೊರಗಿ ಫಲವಿಲ್ಲ. ತಿಂಗಳಿಗೊಂದು ಭಾನುವಾರ ಸಭಾಗೃಹದ ಕುರ್ಚಿಗಳನ್ನು ಗೋಡೆಗೆ ಸರಿಸಿ, ಎರಡು ಗಂಟೆ ಅವರ ಪಾಡಿಗೆ ಅವರನ್ನು ಆಡಲು ಬಿಡಿ. ಒಬ್ಬರು ಬಾಗಿಲ ಬಳಿ ಇದ್ದರೆ ಸಾಕು. ಮೈಕು ಬೇಡ, ತೀರ್ಪುಗಾರರು ಬೇಡ. ತಂದೆತಾಯಂದಿರಿಗೆ ಹೊರಗೆ ಕಾಫಿ ಕೊಟ್ಟು ಅಲ್ಲೇ ಕೂರಿಸಿಕೊಳ್ಳಿ.