ಭೀಮಾತೀರಕ್ಕೊಂದು ನಿಸರ್ಗ ಸಂಗ್ರಹಾಲಯ

2016ನೇ ಇಸವಿಯ ಏಪ್ರಿಲ್ 26ರಂದು ದಿಲ್ಲಿಯ ರಾಷ್ಟ್ರೀಯ ನಿಸರ್ಗೇತಿಹಾಸ ಸಂಗ್ರಹಾಲಯವು ಅಗ್ನಿಗೆ ಆಹುತಿಯಾಯಿತು. 1978ರಲ್ಲಿ ಜನತೆಗೆ ತೆರೆದ ಆ ಸಂಸ್ಥೆಯು ಸ್ವಂತ ಮನೆಯಿಲ್ಲದೆ ಬಾಡಿಗೆಯ ಕಟ್ಟಡದಲ್ಲಿಯೇ ಕಾಲ ಕಳೆದಿತ್ತು. ದಶಕಗಳ ಪರಿಶ್ರಮವು ಕೆಲವೇ ತಾಸುಗಳಲ್ಲಿ ಬೂದಿಯಾಯಿತು. ಅಮೂಲ್ಯವಾದುದನ್ನೆಲ್ಲ ರಾಜಧಾನಿಯ ಒಂದೇ ಮಾಡಿನ ಕೆಳಗೆ ಕೂಡಿಹಾಕುವುದು ದೂರದೃಷ್ಟಿಯಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಸುದೈವದಿಂದ ಆ ಸಂಸ್ಥೆಯ ಶಾಖೆಗಳು ಮೈಸೂರು, ಭೋಪಾಳ, ಭುವನೇಶ್ವರ ಮೊದಲಾದೆಡೆಗಳಲ್ಲಿದ್ದವು. 1995ರಲ್ಲಿ ಕಾರಂಜಿ ಕೆರೆಯ ಬಳಿ ತೆರೆದ ಮೈಸೂರಿನ ಶಾಖೆಯೂ, 1760ರಲ್ಲಿ ಹೈದರನು ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನವೂ ಕನ್ನಡಿಗರೆಲ್ಲರ ಹೆಮ್ಮೆಯ ಆಸ್ತಿಗಳೇ ಸರಿ. ಆದರೆ ಎರಡೂ ನಾಡಿನ ದಕ್ಷಿಣದ ತುದಿಯಲ್ಲಿವೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಮೈಸೂರಿಗೆ ಆರುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಿಸರ್ಗದ ಮೊದಲ ಪಾಠಕ್ಕಾಗಿ ನಮ್ಮ ಒಕ್ಕಲುಮಕ್ಕಳು ಅಷ್ಟು ದೂರ ಹೋಗಬೇಕೇ?

ಈ ಬಯಲಿನಲ್ಲಿ ಸಂಗ್ರಹಿಸತಕ್ಕದ್ದಾದರೂ ಏನಿದೆ ಎನ್ನುವವರುಂಟು. ಅವರು ಕಣ್ತೆರೆದು ನೋಡಬೇಕು. ಕಪ್ಪುಶಿಲೆ ಯುಗಯುಗಾಂತರಗಳಿಂದ ಸವೆದು ಆದ ಈ ಎರೆಮಣ್ಣು, ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವ ಅಮರ್ಜೆಯ ದಂಡೆ, ಬನ್ನಿ, ಜಾಲಿ, ಮುತ್ತುಗ, ತಂಗಡಿಗಳು ಇವೆಲ್ಲವೂ ಒಂದು ಗ್ರಂಥಕ್ಕೆ ಸಾಲುವಷ್ಟು ವಿಷಯವನ್ನು ಒಳಗೊಂಡಿವೆ. ಕಲಬುರ್ಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ಈ ನೆಲದ ಗುಣದಿಂದಲೇ ಅಲ್ಲವೇ? ಬದುವಿನ ಗಿಡಗಳ ಹೆಸರನ್ನೂ ಗುಣವನ್ನೂ ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಬೆಂಕಿಯಿಲ್ಲದೆಯೇ ನಡೆದಿರುವ ಈ ನಾಶವು ಯಾರ ಕಣ್ಣಿಗೂ ಬೀಳುತ್ತಿಲ್ಲ.

ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ವಿಶಾಲವಾದ ಭೂಮಿಯಿದೆ, ವಿದ್ವಾಂಸರಿದ್ದಾರೆ. ಅಲ್ಲಿ ಭೀಮಾತೀರದ ಸಸ್ಯೋದ್ಯಾನವೊಂದನ್ನೂ ಅದಕ್ಕೆ ಹೊಂದಿದ ಚಿಕ್ಕ ಸಂಗ್ರಹಾಲಯವನ್ನೂ ನಿರ್ಮಿಸಬೇಕೆಂದು ನಾವು ಸರಕಾರವನ್ನು ಆಗ್ರಹಪಡಿಸುತ್ತೇವೆ. ಬರವನ್ನು ಸಹಿಸಿ ಬೆಳೆಯುವ ಈ ನೆಲದ ಗಿಡಗಳಿಗೆ ಹೆಚ್ಚು ನೀರೂ ಬೇಡ, ಹೆಚ್ಚು ಹಣವೂ ಬೇಡ. ಒಣಗಿಸಿಟ್ಟ ಪ್ರತಿಯೊಂದು ಮಾದರಿಯ ಜೊತೆಪ್ರತಿಯು ಮೈಸೂರಿಗೂ ಹೋಗಲಿ; ಒಂದೆಡೆ ಕೇಡಾದರೆ ಇನ್ನೊಂದೆಡೆ ಉಳಿದೀತು. ಫಲಕಗಳೆಲ್ಲ ಕನ್ನಡದಲ್ಲಿರಲಿ, ಊರವರು ಕರೆಯುವ ಹೆಸರೇ ಮೊದಲು ಬರಲಿ.

ಸರಕಾರದ ಅಪ್ಪಣೆಗಾಗಿ ಜನರು ಕೈಕಟ್ಟಿ ಕೂಡಬೇಕಾಗಿಲ್ಲ. ಮೂರು ತಾಲೂಕುಗಳ ಪ್ರತಿಯೊಂದು ಶಾಲೆಯೂ ತನ್ನ ಊರಿನ ಒಂದೊಂದು ಗಿಡವನ್ನು ಅದರ ಹೆಸರಿನೊಡನೆ ಅಂಗಳದಲ್ಲಿ ನೆಡಲಿ. ಕಾರ್ಯವು ಅಲ್ಲಿಂದಲೇ ಆರಂಭವಾಗಲಿ.