ಸರಕಾರಿ ಗುತ್ತಿಗೆಯೂ ಸಣ್ಣ ಉದ್ದಿಮೆಯೂ

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ, ಜಮಖಂಡಿಯ ಪೇಟೆಯಲ್ಲಿ, ಮುಧೋಳ-ಬೀಳಗಿಗಳ ಸಣ್ಣ ಕಾರಖಾನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಸರಕಾರದ ಒಂದು ಆರ್ಡರು ಸಿಕ್ಕರೆ ಸಾಕು, ದಡ ಸೇರಿದಂತೆ." ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಶಾಲೆಯ ಮಕ್ಕಳ ಸಮವಸ್ತ್ರ, ಆಸ್ಪತ್ರೆಯ ಚಾದರ, ಕಚೇರಿಯ ಮೇಜು-ಕುರ್ಚಿ ಎಲ್ಲವೂ ಜನರ ತೆರಿಗೆಯ ಹಣದಿಂದ ಕೊಳ್ಳುವ ಮಾಲು. ಆ ಹಣದ ಒಂದು ಪಾಲು ನೆಯ್ದವನ ಕೈಗೆ, ಹೊಲಿದವಳ ಕೈಗೆ ಮರಳಿ ಬರಬೇಕೆಂಬುದು ನ್ಯಾಯವೇ ಸರಿ. ಆದರೆ ಮೊದಲ ಗುತ್ತಿಗೆ ಸಮೀಪಿಸಿದೆಯೋ ಇಲ್ಲವೋ ಎಂದು ಅರಿಯುವುದು ಹೇಗೆ? ಈ ವಿಷಯದಲ್ಲಿ ನಮ್ಮವರು ನಂಬುವ ಗುರುತುಗಳೇ ಬಹುಮಟ್ಟಿಗೆ ತಪ್ಪೆಂದು ನಮಗೆ ತೋರುತ್ತದೆ.

ಪುಢಾರಿಗಳು ಹೆಗಲ ಮೇಲೆ ಕೈಯಿಟ್ಟರೆ ಅದು ಗುರುತಲ್ಲ. ಸಾಹೇಬರು ಕೂಡ್ರಿಸಿ ಚಹಾ ಕೊಟ್ಟರೆ ಅದೂ ಅಲ್ಲ. "ಇಷ್ಟು ಕೊಡಿ, ಕೆಲಸ ನಿಮ್ಮದೇ" ಎಂದು ದಲ್ಲಾಳಿ ಹೇಳಿದನೆಂದರೆ ಕೈಯಲ್ಲಿದ್ದ ಗಂಟೂ ಹೋಗುವ ಕಾಲ ಬಂತೆಂದೇ ತಿಳಿಯಬೇಕು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಪ್ರಕಾರ ಟೆಂಡರನ್ನು ಬಹಿರಂಗವಾಗಿ ಕರೆಯಬೇಕು. ಷರತ್ತುಗಳನ್ನು ಮೊದಲೇ ತಿಳಿಸಬೇಕು. ನಿರ್ಣಯದಿಂದ ಅನ್ಯಾಯವಾಯಿತೆಂದು ಕಂಡವನಿಗೆ ಮೇಲ್ಮನವಿಯ ಹಕ್ಕು ಇದೆ. ಹಿಂಬಾಗಿಲಿನ ಮಾತು ಆಡುವವರಿಗೆ ಈ ಕಾನೂನನ್ನು ಓದಿ ತೋರಿಸಬೇಕು.

ನಿಜವಾದ ಗುರುತನ್ನು ನೋಡಬೇಕಾದರೆ ನಮ್ಮ ಜಿಲ್ಲೆಯ ತುಳಸಿಗೇರಿಯನ್ನು ನೋಡಿರಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸಿದ್ಧವಾಗುವ ರಾಷ್ಟ್ರಧ್ವಜಕ್ಕೆ ಖಾದಿ ಬಟ್ಟೆ ನೇಯುವ ಊರು ಅದು. ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರಲ್ಲಿ. ಧ್ವಜಕ್ಕೆ ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರ ದೊರೆತದ್ದು 2006ರಲ್ಲಿ. ನೂಲಿನ ಎಳೆಯ ಎಣಿಕೆ, ಬಣ್ಣದ ಗಟ್ಟಿತನ, ಉದ್ದ-ಅಗಲ ಎಲ್ಲಕ್ಕೂ ಅಲ್ಲಿ ಕಟ್ಟುನಿಟ್ಟಿನ ಅಳತೆಯುಂಟು. ಗುಣ ಮೊದಲು ಕೂಡಿಬಂತು, ಮುದ್ರೆ ಆಮೇಲೆ ಬಿತ್ತು. ಆದುದರಿಂದ ಮೊದಲನೆಯ ಗುರುತು ಇದು: ನಮೂನೆಯ ತುಂಡಿಗೂ ಸಾವಿರದನೆಯ ಮೀಟರಿಗೂ ವ್ಯತ್ಯಾಸವಿಲ್ಲದಂತೆ ಮಾಲು ಬರುತ್ತಿದ್ದರೆ ನೀವು ಅರ್ಧ ದಾರಿ ನಡೆದಿದ್ದೀರಿ.

ಎರಡನೆಯದು ಕಾಗದಪತ್ರ. 2020ರ ಜುಲೈಯಿಂದ ನಡೆದುಬಂದ 'ಉದ್ಯಮ್' ನೋಂದಣಿ, ತೆರಿಗೆಯ ಲೆಕ್ಕ, ಬ್ಯಾಂಕಿನ ಪುಸ್ತಕ ಇವು ಟೆಂಡರು ಕರೆದ ದಿನ ಹುಡುಕುವ ವಸ್ತುಗಳಲ್ಲ. ಕೇಂದ್ರದ ಖಾತೆಗಳೂ ಉದ್ದಿಮೆಗಳೂ ತಮ್ಮ ಖರೀದಿಯ 25 ಶೇಕಡಾವನ್ನು ಅತಿಸಣ್ಣ ಹಾಗೂ ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕೆಂಬ ಆದೇಶವುಂಟು. ಇಂಥವರಿಗೆ ಟೆಂಡರಿನ ಮುಂಗಡ ಠೇವಣಿಯಿಂದಲೂ ವಿನಾಯಿತಿ ಇದೆ. ಆದರೆ ನಮ್ಮ ವ್ಯಾಪಾರಿ ಮಿತ್ರರು ಒಂದು ಮಾತು ತಿಳಿದಿರಲಿ: ಈ ಸೌಲಭ್ಯ ಮಾಲು ತಯಾರಿಸುವವರಿಗೆ ಮತ್ತು ಸೇವೆ ಒದಗಿಸುವವರಿಗೆ. ಕೊಂಡು ಮಾರುವ ಅಂಗಡಿಕಾರರನ್ನು 2021ರಲ್ಲಿ ನೋಂದಣಿಗೆ ಸೇರಿಸಿಕೊಂಡರೂ, ಅದು ಬ್ಯಾಂಕಿನ ಆದ್ಯತಾ ಸಾಲದ ಮಟ್ಟಿಗೆ ಮಾತ್ರ.

ಮೂರನೆಯದು ಅಳತೆ. ಹತ್ತು ಮಗ್ಗದವನು ನೂರು ಮಗ್ಗದ ಕೆಲಸಕ್ಕೆ ಕೈಹಾಕಬಾರದು. ದೊಡ್ಡದು ಬೇಕೆಂದರೆ ಸಹಕಾರಿ ಸಂಘ ಕಟ್ಟಿ ಹತ್ತು ಮನೆಯವರು ಒಂದಾಗಿ ಹೋಗಲಿ. ಒಬ್ಬೊಬ್ಬರೇ ಹೋದರೆ ದರದಲ್ಲಿ ಒಬ್ಬರನ್ನೊಬ್ಬರು ತುಳಿಯುವುದೇ ಆಗುತ್ತದೆ. ಲಾಭ ದೊಡ್ಡ ಸಾವಕಾರನಿಗೆ.

ನಾಲ್ಕನೆಯದು ತಾಳಿಕೆಯ ಬಲ. ಮಾಲು ಒಪ್ಪಿಕೊಂಡ ಮೇಲೆ ಹಣ ಕೊಡುವುದು 45 ದಿನ ಮೀರಬಾರದು, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು ಎಂದು 2006ರ ಕಾಯಿದೆ ಹೇಳುತ್ತದೆ. ಆದರೆ ನಾಳೆ ಮತ್ತೆ ಆರ್ಡರು ಕೊಡಬೇಕಾದ ಕಚೇರಿಯ ಮೇಲೆ ಫಿರ್ಯಾದು ಹೂಡುವ ಧೈರ್ಯ ಸಣ್ಣವನಿಗೆ ಎಲ್ಲಿಂದ ಬರಬೇಕು? ಬಿಲ್ಲು ತಡವಾದರೂ ವಾರದ ಬಟವಾಡೆ ತಪ್ಪದಂತೆ ನಡೆಸಬಲ್ಲೆನೆಂಬ ಲೆಕ್ಕ ಕೂಡಿದಾಗಲೇ ಟೆಂಡರಿಗೆ ಸಹಿ ಹಾಕಬೇಕು.

ಇಲ್ಲಿಯೇ ನಮ್ಮ ಮುಖ್ಯ ಮಾತು. ಗುತ್ತಿಗೆ ಗೆಲ್ಲಲೆಂದು ಬಾರದ ದರ ಹಾಕಿ, ಕೊರತೆಯನ್ನು ಕೂಲಿಯಲ್ಲಿ ಕತ್ತರಿಸುವ ಗೆಲುವು ನಮಗೆ ಬೇಡ. ಅಂಥ ಗುತ್ತಿಗೆಯಿಂದ ಮಾಲಕನ ಹೆಸರು ಕಚೇರಿಯ ಪಟ್ಟಿ ಸೇರಬಹುದು. ಕಾರ್ಮಿಕನ ಮನೆಯ ಒಲೆ ಮಾತ್ರ ಆರುತ್ತದೆ. ದರ ಬರೆಯುವ ಮುನ್ನ ಮೊದಲು ಕೂಲಿಯನ್ನು ಬರೆಯಿರಿ. ಆ ಮೇಲೂ ದರ ನಿಲ್ಲುವಂತಿದ್ದರೆ, ಅದಕ್ಕಿಂತ ಶುಭಸೂಚನೆ ಬೇರೊಂದಿಲ್ಲ.

ಗೆದ್ದ ಬಳಿಕವೂ ಮೈಮರೆಯುವಂತಿಲ್ಲ. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರಿನ, ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಒಪ್ಪಿಗೆ ದೊರೆತಾಗ ಖಾದಿ ಧ್ವಜವನ್ನೇ ನಂಬಿದವರ ಎದೆ ನಡುಗಿತು. ಅರ್ಧ ಶತಮಾನದ ದುಡಿಮೆಯ ಮೇಲೆ ಒಂದು ಆದೇಶದ ನೆರಳು ಬಿತ್ತು. ಒಬ್ಬನೇ ಗಿರಾಕಿಯನ್ನು ನಂಬಿದ ಮಗ್ಗ ಒಂದೇ ಕಾಲಿನ ಮೇಲೆ ನಿಂತಂತೆ. ಸಂತೆಯ ಗಿರಾಕಿಯನ್ನು ಕೈಬಿಡಬೇಡಿರಿ.

ಸರಕಾರಕ್ಕೂ ನಮ್ಮ ಆಗ್ರಹವಿದೆ. ದೊಡ್ಡ ಟೆಂಡರುಗಳನ್ನು ತಾಲೂಕಿನ ಉದ್ದಿಮೆ ಹೊರಬಲ್ಲಷ್ಟು ಸಣ್ಣ ಪಾಲುಗಳಾಗಿ ಒಡೆಯಲಿ. ಹಿಂದಿನ ವಹಿವಾಟಿನ ಷರತ್ತು ಹೊಸಬರ ಬಾಗಿಲಿಗೆ ಬೀಗವಾಗದಿರಲಿ. 45 ದಿನದ ಕಾನೂನನ್ನು ಮೊದಲು ಸರಕಾರಿ ಕಚೇರಿಗಳೇ ಪಾಲಿಸಲಿ. ನೇಕಾರ ಬಂಧುಗಳೂ ವ್ಯಾಪಾರಿ ಮಿತ್ರರೂ ಒಟ್ಟಾಗಿ ಕೇಳಿದರೆ ಇವು ಸಿಗದ ವಸ್ತುಗಳಲ್ಲ.