ಎಣಿಸೋಕಿಂತ ಮೊದಲು ಮೇಜು ನೋಡ್ರಿ

ಪಣಜಿಯ ಕ್ಯಾಸಿನೊ ಹಡಗು ಹತ್ತುವ ನಮ್ಮ ಜತ್ತ, ಅಕ್ಕಲಕೋಟ ಕಡೆಯ ಹುಡುಗರದು ಒಂದೇ ವಾದ: ‘ಬ್ಲ್ಯಾಕ್‌ಜಾಕ್‌ನಾಗ ಎಲಿ ಎಣಿಸಿದ್ರ ಗೆಲ್ಲಬಹುದು.’ ಮಾತು ಪೂರ್ತಿ ಸುಳ್ಳಲ್ಲ. ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರಲ್ಲೇ ಪುಸ್ತಕ ಬರೆದು ಇದನ್ನು ತೋರಿಸಿದರು. ಆದರೆ ಎಲ್ಲ ಮೇಜಿನ ಮೇಲೂ ಅದು ನಡೆಯಂಗಿಲ್ಲ.

ಮೊದಲು, ಎಕ್ಕದ ಜೋಡಿ ಹತ್ತು ಬಿದ್ದರೆ ಎಷ್ಟು ಕೊಡ್ತಾರ ಕೇಳ್ರಿ. ನೂರಕ್ಕೆ 150ರ ಬದಲು 120 ಕೊಟ್ಟರೆ 30 ರೂಪಾಯಿ ಖೋತಾ. ಈ ಜೋಡಿ ಸುಮಾರು 21 ಆಟಕ್ಕೊಮ್ಮೆ ಬರುತ್ತದೆ. ಅಂದರೆ ಪ್ರತಿ ಆಟಕ್ಕೆ ನೂರಕ್ಕೆ 1.40 ರೂಪಾಯಿ ಹೋಯಿತು. ಎಣಿಸುವವನಿಗೆ ಒಳ್ಳೆ ಮೇಜಿನಲ್ಲಿ ಉಳಿಯುವುದೇ ನೂರಕ್ಕೆ ಒಂದು ರೂಪಾಯಿ ಆಸುಪಾಸು!

ಎರಡನೆಯದು, ಎಲೆ ಎಲ್ಲಿವರೆಗೆ ಹಂಚುತ್ತಾರೆ? ಅರ್ಧಕ್ಕೇ ಕಲಸಿದರೆ ಎಣಿಕೆಗೆ ಕಿಮ್ಮತ್ತಿಲ್ಲ. ಆಡಿದ ಎಲೆಯನ್ನು ಆಗಿಂದಾಗಲೇ ನುಂಗಿ ಕಲಸುವ ಯಂತ್ರವಿದ್ದರೆ ಎಣಿಸೋದೇ ದಂಡ.

ಮೂರನೆಯದು ಭಾಂಡವಲ. ಲಾಭದ ಮೇಜಿನಲ್ಲೂ ದಿನಗಟ್ಟಲೆ ಸೋಲು ಬರುತ್ತದೆ. ಅದನ್ನು ತಡೆಯುವ ಗಂಟು ಬೇಕು. ಹೋಗಿಬರುವ ಖರ್ಚು, ಪ್ರವೇಶ ಶುಲ್ಕ ಬೇರೆ.

ಆದ್ದರಿಂದ ದ್ರಾಕ್ಷಿ ಪಟ್ಟಿಯ ದುಡ್ಡು ಅಲ್ಲಿ ಇಡಬ್ಯಾಡ್ರಿ. ಲೆಕ್ಕ ಕೂಡದಿದ್ದರೆ ಕುರ್ಚಿಯನ್ನೇ ಮುಟ್ಟದವನು ನಿಜವಾದ ಶಾಣ್ಯಾ.